ಓಟು ನಮ್ಮದು, ಸಂಬಳ ಅವರದು

ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನಲ್ಲಿ ಆರ್ಥರ್ ರೆಡ್‌ಫರ್ನ್ ಅಂತ ಒಬ್ಬ ಡ್ರೈವರ್ ಇದ್ದರು. 2003ರ ಡಿಸೆಂಬರ್‌ನಲ್ಲಿ ಸರ್ಕೋ ಎಂಬ ಖಾಸಗಿ ಕಂಪನಿಗೆ ಸೇರಿದರು. ವಿಶೇಷಚೇತನ ಮಕ್ಕಳನ್ನೂ ದೊಡ್ಡವರನ್ನೂ ಗಾಡಿಯಲ್ಲಿ ಕರೆದುಕೊಂಡು ಹೋಗಿ ಬಿಡುವುದು ಅವರ ಕೆಲಸ. ಹಾಗೆ ಓಡಾಡುತ್ತಿದ್ದವರಲ್ಲಿ ನೂರಕ್ಕೆ 70–80 ಜನ ಏಷ್ಯಾ ಮೂಲದವರು. ಅವರ ಮೇಲ್ವಿಚಾರಕರೂ ಏಷ್ಯಾ ಮೂಲದವರೇ. ಆ ಮೇಲ್ವಿಚಾರಕರೇ ರೆಡ್‌ಫರ್ನ್ ಒಳ್ಳೆಯ ಕೆಲಸಗಾರ ಅಂತ ಅವರ ಹೆಸರನ್ನು ಗೌರವಕ್ಕೆ ಸೂಚಿಸಿದ್ದರು. ಅವರು ಕೆಲಸ ಮಾಡುವ ರೀತಿಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ.

2004ರಲ್ಲಿ ಅವರು ನಗರಸಭೆ ಚುನಾವಣೆಗೆ ನಿಂತರು. ಪಕ್ಷ ಯಾವುದು ಗೊತ್ತಾ? ಬ್ರಿಟಿಷ್ ನ್ಯಾಷನಲ್ ಪಾರ್ಟಿ. ಆಗ ಬಿಳಿಯರಿಗೆ ಮಾತ್ರ ಸದಸ್ಯತ್ವ ಕೊಡುತ್ತಿದ್ದ ಪಕ್ಷ ಅದು. ವಲಸೆ ಬಂದವರನ್ನು ವಾಪಸ್ ಕಳಿಸಬೇಕು ಅನ್ನುತ್ತಿದ್ದ ಪಕ್ಷ. ಊರಿನ ಪತ್ರಿಕೆಯಲ್ಲಿ ಅಭ್ಯರ್ಥಿ ಅಂತ ಅವರ ಹೆಸರು ಬಂತು. ಕಾರ್ಮಿಕ ಸಂಘಗಳು ಕಂಪನಿಗೆ ಪತ್ರ ಬರೆದವು. ಜೂನ್ ತಿಂಗಳಲ್ಲಿ ರೆಡ್‌ಫರ್ನ್ ಗೆದ್ದರು. ಅದೇ ತಿಂಗಳ 30ಕ್ಕೆ ಕಂಪನಿ ಅವರನ್ನು ಕೆಲಸದಿಂದ ತೆಗೆದುಹಾಕಿತು. ಪ್ರಯಾಣಿಕರಿಗೆ ಭಯ ಆಗಬಹುದು, ಗಾಡಿಯ ಮೇಲೆ ದಾಳಿ ಆಗಬಹುದು ಅನ್ನುವುದು ಕಂಪನಿ ಕೊಟ್ಟ ಕಾರಣ. ಅವರಿಗೆ ಆಗ 56 ವರ್ಷ.

ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕೆಲಸ ಹೋಗುವುದರ ಬಗ್ಗೆ ಬರೆಯೋಣ ಅಂದುಕೊಂಡಾಗ ಬೇಕಂತಲೇ ಇವರಿಂದ ಶುರು ಮಾಡಿದೆ. ನನಗೆ ಆ ಪಕ್ಷದ ಮೇಲೆ ಎಳ್ಳಷ್ಟೂ ಗೌರವ ಇಲ್ಲ. ನಾನು ಆ ಊರಿನಲ್ಲಿದ್ದಿದ್ದರೆ ನನ್ನನ್ನೂ ಗಂಟುಮೂಟೆ ಕಟ್ಟು ಅನ್ನುತ್ತಿದ್ದ ಪಕ್ಷ ಅದು. ನಮಗೆ ಇಷ್ಟವಾದ ವಿಚಾರ ಹೇಳಿದ ಒಬ್ಬ ಬಡಪಾಯಿಯ ಕೆಲಸ ಹೋಯಿತು ಅಂತ ಬರೆದರೆ ಓದುವವರೆಲ್ಲ ಅಯ್ಯೋ ಅನ್ನುತ್ತಾರೆ. ನಮಗೆ ಆಗದ ವಿಚಾರದವನ ಕೆಲಸ ಹೋದರೆ? ಆಗ 'ಆಗಬೇಕಾದ್ದೇ' ಅನ್ನುತ್ತೇವೆ. ನಮ್ಮ ನಿಲುವು ಏನು ಅನ್ನುವುದು ಗೊತ್ತಾಗುವುದು ಈ ಎರಡನೆಯ ಸಂದರ್ಭದಲ್ಲೇ.

ರೆಡ್‌ಫರ್ನ್ ಕೋರ್ಟಿಗೆ ಹೋದರು. ಅನ್ಯಾಯವಾಗಿ ತೆಗೆದಿದ್ದಾರೆ ಅಂತ ಕೇಳಲು ಆಗಿನ ಬ್ರಿಟನ್ ಕಾನೂನಿನಲ್ಲಿ ಒಂದು ವರ್ಷ ಸೇವೆ ಆಗಿರಬೇಕಿತ್ತು. ಅವರಿಗೆ ಆಗಿರಲಿಲ್ಲ. ರಾಜಕೀಯ ನಂಬಿಕೆಯ ಕಾರಣಕ್ಕೆ ತೆಗೆದರು ಅಂತ ಹೇಳೋಣ ಅಂದರೆ ಅದಕ್ಕೆ ಕಾನೂನೇ ಇರಲಿಲ್ಲ. ಉಳಿದಿದ್ದು ಜನಾಂಗೀಯ ತಾರತಮ್ಯದ ಕಾನೂನೊಂದೇ. ಅದರಲ್ಲಿ ಕೇಸು ಹಾಕಿದರು, ಕೊನೆಗೆ ಸೋತರು. ಆಮೇಲೆ ಸ್ಟ್ರಾಸ್‌ಬರ್ಗ್‌ನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ. 2012ರ ನವೆಂಬರ್‌ನಲ್ಲಿ ತೀರ್ಪು ಬಂತು. ಏಳು ಜನ ನ್ಯಾಯಾಧೀಶರಲ್ಲಿ ನಾಲ್ವರು ಅವರ ಪರ, ಮೂವರು ವಿರುದ್ಧ. ಆ ನಾಲ್ವರು ಹೇಳಿದ್ದು ಇಷ್ಟು: ಈ ಮನುಷ್ಯನ ವಿಚಾರ ಸರಿಯೋ ತಪ್ಪೋ ಅದು ಬೇರೆ ಮಾತು. ಆದರೆ ರಾಜಕೀಯ ಕಾರಣಕ್ಕೆ ಕೆಲಸ ಕಳೆದುಕೊಂಡವನಿಗೆ ಹೋಗಿ ಕೇಳಲು ಒಂದು ಬಾಗಿಲಾದರೂ ಇರಬೇಕು. ಬ್ರಿಟನ್ 2013ರಲ್ಲಿ ಕಾನೂನು ಬದಲಿಸಿತು. ರಾಜಕೀಯ ಅಭಿಪ್ರಾಯದ ಕಾರಣಕ್ಕೆ ತೆಗೆದರೆ, ಸೇವೆ ಎಷ್ಟು ದಿನದ್ದೇ ಆಗಿರಲಿ, ಕೇಸು ಹಾಕಬಹುದು.

ಗೆಲ್ಲುತ್ತಾರೆ ಅಂತ ಅಲ್ಲ. ಕೇಳಬಹುದು, ಅಷ್ಟೇ. ಕಂಪನಿ ಬಂದು ಯಾಕೆ ತೆಗೆದೆವು, ಬೇರೆ ದಾರಿ ಇರಲಿಲ್ಲವಾ, ಪ್ರಯಾಣಿಕರ ಸಂಪರ್ಕ ಇಲ್ಲದ ಕೆಲಸ ಕೊಡಬಹುದಿತ್ತಲ್ಲವಾ ಅನ್ನುವುದಕ್ಕೆಲ್ಲ ಉತ್ತರ ಕೊಡಬೇಕು. ನಾನು ಈ ಬರಹದಲ್ಲಿ ಕೇಳುತ್ತಿರುವುದೂ ಅದಕ್ಕಿಂತ ಜಾಸ್ತಿ ಏನಲ್ಲ.

ಇದಕ್ಕೆ ಯಾವಾಗಲೂ ಬರುವ ಉತ್ತರ ಒಂದಿದೆ. 'ಕಂಪನಿ ನಂದು, ದುಡ್ಡು ನಂದು. ಯಾರನ್ನ ಇಟ್ಕೋಬೇಕು ಯಾರನ್ನ ಬಿಡಬೇಕು ಅನ್ನೋದು ನನ್ನಿಷ್ಟ. ಸರ್ಕಾರ ಆದ್ರೆ ಬೇರೆ.' ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ. ಆದರೆ ಸಂಬಳ ಕೊಟ್ಟು ಮಾಲೀಕ ತೆಗೆದುಕೊಳ್ಳುವುದು ನಮ್ಮ ಕೆಲಸವನ್ನು. ಸಂಜೆ ಮನೆಗೆ ಹೋದ ಮೇಲೆ ನಾನು ಯಾವ ಸಭೆಗೆ ಹೋಗುತ್ತೇನೆ, ಯಾರಿಗೆ ಓಟು ಹಾಕುತ್ತೇನೆ ಅನ್ನುವುದು ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಇನ್ನು ಬಿಟ್ಟುಹೋಗುವ ಸ್ವಾತಂತ್ರ್ಯ ನೌಕರನಿಗೂ ಇದೆಯಲ್ಲ ಅನ್ನುತ್ತಾರೆ. ಮನೆ ಬಾಡಿಗೆ, ಮಕ್ಕಳ ಫೀಸು, ಸಾಲದ ಕಂತು ಇರುವವರ ಸ್ವಾತಂತ್ರ್ಯ ಎಷ್ಟು ಅನ್ನುವುದು ಎಲ್ಲರಿಗೂ ಗೊತ್ತು. ಒಬ್ಬ ನೌಕರ ಬಿಟ್ಟುಹೋದರೆ ಕಂಪನಿ ಮುಚ್ಚುವುದಿಲ್ಲ. ಒಂದು ಸಂಬಳ ನಿಂತರೆ ಮನೆಯ ಒಲೆ ಆರಬಹುದು.

ಒಬ್ಬ ಮಾಲೀಕ ತೆಗೆದರೆ ಇನ್ನೊಬ್ಬರ ಹತ್ತಿರ ಹೋದರಾಯಿತು ಅನ್ನುವ ಮಾತೂ ಇದೆ. ಅದಕ್ಕೂ ಬ್ರಿಟನ್ನಿನಲ್ಲೇ ಉತ್ತರ ಸಿಗುತ್ತದೆ. 2009ರ ಫೆಬ್ರವರಿಯಲ್ಲಿ, ಜನರ ಖಾಸಗಿ ಮಾಹಿತಿಯ ದುರ್ಬಳಕೆ ತಡೆಯುವ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿಯವರು ಡ್ರಾಯ್ಟ್‌ವಿಚ್ ಎಂಬ ಸಣ್ಣ ಊರಿನ ಒಂದು ಆಫೀಸಿನ ಮೇಲೆ ದಾಳಿ ಮಾಡಿದರು. ಹೆಸರು ಕನ್ಸಲ್ಟಿಂಗ್ ಅಸೋಸಿಯೇಷನ್. ನಡೆಸುತ್ತಿದ್ದವರು ಇಯಾನ್ ಕೆರ್. ಒಳಗೆ ಸಿಕ್ಕಿದ್ದು ಕಾರ್ಡುಗಳು. ಕಟ್ಟಡ ಕಟ್ಟುವ ಕೆಲಸದವರ ಹೆಸರು, ವಿಳಾಸ, ಅವರ ಬಗ್ಗೆ ಟಿಪ್ಪಣಿ. ಒಟ್ಟು 3,213 ಹೆಸರು. ಗಾರೆಯವರು, ಎಲೆಕ್ಟ್ರಿಷಿಯನ್‌ಗಳು, ಬಡಗಿಗಳು. ನಲವತ್ತಕ್ಕೂ ಹೆಚ್ಚು ದೊಡ್ಡ ಕಟ್ಟಡ ಕಂಪನಿಗಳು ಇದಕ್ಕೆ ವರ್ಷದ ಚಂದಾ ಕೊಡುತ್ತಿದ್ದವು. ಹೊಸಬರನ್ನು ತೆಗೆದುಕೊಳ್ಳುವ ಮುಂಚೆ ಫೋನ್ ಮಾಡಿ ಹೆಸರು ಹೇಳುವುದು. ಕಾರ್ಡ್ ಇದೆಯಾ ಇಲ್ಲವಾ ಅಂತ ಈ ಕಡೆಯಿಂದ ಉತ್ತರ. ಒಂದು ಹೆಸರು ನೋಡಲು ಎರಡು ಪೌಂಡ್ ಚಿಲ್ಲರೆ.

ಕಾರ್ಡಿನಲ್ಲಿ ಏನಿತ್ತು ಅಂದರೆ, ಈತ ಸಂಘದ ಪ್ರತಿನಿಧಿ. ಈತ ಕಲ್ನಾರಿನ ಧೂಳಿನ ಬಗ್ಗೆ ದೂರು ಕೊಟ್ಟವನು. ಈತ ಎಡಪಕ್ಷದವರ ಜತೆ ಓಡಾಡುತ್ತಾನೆ. ಈತನ ಹೆಸರು ಇಂಥ ಪತ್ರಿಕೆಯಲ್ಲಿ ಬಂದಿತ್ತು. ಕಾರ್ಡಿನಲ್ಲಿ ಹೆಸರಿದ್ದವರಿಗೆ ಅದು ಗೊತ್ತೇ ಇರಲಿಲ್ಲ. ವರ್ಷಗಟ್ಟಲೆ ಒಂದು ಸೈಟಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ಬೆಳಗ್ಗೆ ಬಾ ಅಂದವರು ಮಧ್ಯಾಹ್ನ ಬೇಡ ಅನ್ನುತ್ತಿದ್ದರು. ನನ್ನ ಕೈಯಲ್ಲೇ ಏನೋ ದೋಷ ಇರಬೇಕು ಅಂದುಕೊಂಡವರಿದ್ದಾರೆ. ಸಂಸಾರ ಒಡೆದವರಿದ್ದಾರೆ. ಈ ಸಂಸ್ಥೆ ಆಕಾಶದಿಂದ ಉದುರಿದ್ದೂ ಅಲ್ಲ. 1919ರಲ್ಲಿ ಹುಟ್ಟಿದ ಎಕನಾಮಿಕ್ ಲೀಗ್ ಎಂಬ ಮಾಲೀಕರ ಕೂಟ ಎಡಪಂಥೀಯರ ಪಟ್ಟಿ ಇಟ್ಟುಕೊಂಡು ಬಂದಿತ್ತು. ಅದು 1993ರಲ್ಲಿ ಮುಚ್ಚಿದಾಗ ಕಟ್ಟಡ ಕಂಪನಿಗಳಿಗೆ ಬೇಕಾದ ಭಾಗ ಕೆರ್ ಅವರ ಆಫೀಸಿಗೆ ಬಂತು. ಕೆರ್‌ಗೆ ಬಿದ್ದ ದಂಡ 5,000 ಪೌಂಡ್. ಕಾರ್ಮಿಕರು ಮುಂದೆ ಹೈಕೋರ್ಟಿಗೆ ಹೋದರು. 2016ರಲ್ಲಿ ದೊಡ್ಡ ಕಂಪನಿಗಳು ಕ್ಷಮೆ ಕೇಳಿ ಪರಿಹಾರ ಕೊಟ್ಟವು. ಆ ಹೊತ್ತಿಗೆ ಎಷ್ಟೋ ಜನರ ದುಡಿಯುವ ವಯಸ್ಸೇ ಮುಗಿದಿತ್ತು.

ಈ ಕಥೆ ಓದುವಾಗ ನನ್ನನ್ನು ಕಾಡಿದ್ದು ಆ ಫೋನ್ ಕರೆ. ಯಾರೂ ಕೂಗಾಡಲಿಲ್ಲ, ಯಾರೂ ಬೆದರಿಸಲಿಲ್ಲ. ಒಂದು ಹೆಸರು ಓದಿದರು, ಒಂದು ಉತ್ತರ ಬಂತು. ಅಲ್ಲಿಗೆ ಮುಗಿಯಿತು.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇಂಟರ್‌ವ್ಯೂ ಪ್ಯಾನೆಲ್‌ಗಳಲ್ಲಿ ತುಂಬ ಸಲ ಕೂತಿದ್ದೇನೆ. ಹಿಂದೆ ಇದ್ದ ಒಂದು ಕಂಪನಿಯಲ್ಲಿ ನಡೆದಿದ್ದನ್ನು ಹೇಳುತ್ತೇನೆ. ಹುಡುಗ ಹಾಸನದ ಕಡೆಯವನು. ಮೂರು ಸುತ್ತು ಚೆನ್ನಾಗಿ ದಾಟಿದ್ದ. ನಾನು ಕೊಟ್ಟ ಲೆಕ್ಕವನ್ನು ನಾನು ಯೋಚಿಸದೇ ಇದ್ದ ದಾರಿಯಲ್ಲಿ ಬಿಡಿಸಿದ್ದ. ಎಲ್ಲ ಮುಗಿದು ನಾವು ನಾಲ್ಕು ಜನ ಕೂತು ಮಾತಾಡುತ್ತಿದ್ದಾಗ ಒಬ್ಬರು ಫೋನ್ ತೆಗೆದು ಮೇಜಿನ ಮೇಲೆ ಇಟ್ಟರು. ಹುಡುಗನ ಫೇಸ್‌ಬುಕ್ ಪುಟ. ಚುನಾವಣೆ ಸಮಯದಲ್ಲಿ ಹಾಕಿದ ಒಂದು ಪೋಸ್ಟ್. ಬೈಗುಳ ಇರಲಿಲ್ಲ, ಯಾರ ಜಾತಿ ಧರ್ಮದ ಮಾತೂ ಇರಲಿಲ್ಲ. ಒಂದು ಪಕ್ಷಕ್ಕೆ ಯಾಕೆ ಓಟು ಹಾಕುತ್ತೇನೆ ಅಂತ ಬರೆದುಕೊಂಡಿದ್ದ. ಪಕ್ಷ ಯಾವುದು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅರ್ಧ ಓದುಗರು ಒಂದು ಕಡೆ, ಇನ್ನರ್ಧ ಓದುಗರು ಇನ್ನೊಂದು ಕಡೆ ಹೋಗಿಬಿಡುತ್ತೀರಿ.

'ಹುಡುಗ ಒಳ್ಳೆಯವನೇ ಸರ್. ಆದ್ರೆ ಇವ್ನು ಟೀಮಿಗೆ ಬಂದ್ರೆ ಊಟದ ಹೊತ್ತಲ್ಲಿ ದಿನಾ ಇದೇ ಶುರು ಆಗುತ್ತೆ' ಅಂದರು ಫೋನ್ ಇಟ್ಟವರು.

'ಅವನು ಇಂಟರ್‌ವ್ಯೂನಲ್ಲಿ ರಾಜಕೀಯ ಮಾತಾಡಿದ್ನಾ?' ಅಂತ ಕೇಳಿದೆ.

'ಇಲ್ಲ. ಆದ್ರೂ ಸುಮ್ನೆ ಯಾಕೆ ತಲೆನೋವು. ಇನ್ನಿಬ್ರು ಇದ್ದಾರಲ್ಲ.'

ನಾನು ವಾದ ಮಾಡಿದೆ. ನನ್ನ ಜತೆ ಇನ್ನೊಬ್ಬರು ನಿಂತರು. ಉಳಿದಿಬ್ಬರು ಒಪ್ಪಲಿಲ್ಲ. ಎಚ್‌ಆರ್ ಮೇಡಂ 'ಪ್ಯಾನೆಲ್‌ನಲ್ಲಿ ಒಮ್ಮತ ಇಲ್ಲದಿದ್ರೆ ಮುಂದೆ ಕಳಿಸೋಕಾಗಲ್ಲ' ಅಂದರು. ಸಿಸ್ಟಮ್‌ನಲ್ಲಿ ಕಾರಣದ ಜಾಗದಲ್ಲಿ ಬಿದ್ದಿದ್ದು 'ಕಲ್ಚರ್ ಫಿಟ್ ಅಲ್ಲ' ಅಂತ, ಅಂದರೆ ಕಂಪನಿಯ ವಾತಾವರಣಕ್ಕೆ ಹೊಂದುವವನಲ್ಲ ಅಂತ. ಆ ಹುಡುಗನಿಗೆ ಹೋಗಿದ್ದು ಎಲ್ಲರಿಗೂ ಹೋಗುವ ಅದೇ ಮೇಲ್. ನಿಮ್ಮ ಆಸಕ್ತಿಗೆ ಧನ್ಯವಾದ, ಮುಂದೆ ಅವಕಾಶ ಇದ್ದರೆ ತಿಳಿಸುತ್ತೇವೆ. ತನ್ನ ಉತ್ತರಗಳಲ್ಲಿ ಎಲ್ಲಿ ಎಡವಿದೆ ಅಂತ ಅವನು ಯೋಚಿಸುತ್ತಾ ಕೂತಿರುತ್ತಾನೆ. ಎಲ್ಲೂ ಎಡವಿರಲಿಲ್ಲ.

ಅವನು ಕೋರ್ಟಿಗೆ ಹೋಗಬಹುದಿತ್ತಾ? ಇದನ್ನು ತಿಳಿದುಕೊಳ್ಳಲು ನಾನು ಕಾನೂನಿನ ಪುಸ್ತಕಗಳನ್ನು ತಿರುವಿಹಾಕಿದೆ, ವಕೀಲ ಗೆಳೆಯರನ್ನು ಕಾಡಿದೆ. ಸಿಕ್ಕಿದ್ದನ್ನು ಸರಳವಾಗಿ ಹೇಳುತ್ತೇನೆ.

ನಮ್ಮ ಸಂವಿಧಾನದ 16ನೇ ವಿಧಿ ಉದ್ಯೋಗದಲ್ಲಿ ತಾರತಮ್ಯ ಬೇಡ ಅನ್ನುತ್ತದೆ. ಆದರೆ ಅದು ಸರ್ಕಾರಿ ಉದ್ಯೋಗಕ್ಕೆ. ಅಲ್ಲೂ ಪಟ್ಟಿಯಲ್ಲಿರುವುದು ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಊರು, ವಾಸಸ್ಥಳ. ರಾಜಕೀಯ ಅಭಿಪ್ರಾಯ ಆ ಪಟ್ಟಿಯಲ್ಲಿ ಇಲ್ಲ. 19ನೇ ವಿಧಿಯಲ್ಲಿ ಮಾತಿನ ಸ್ವಾತಂತ್ರ್ಯ, ಸಂಘ ಕಟ್ಟುವ ಸ್ವಾತಂತ್ರ್ಯ ಇದೆ. ಅದನ್ನೂ ಬಹುಕಾಲ ಸರ್ಕಾರದ ವಿರುದ್ಧದ ಹಕ್ಕು ಅಂತಲೇ ಓದಿಕೊಂಡು ಬಂದಿದ್ದೇವೆ. ಮತದಾನದ ದಿನ ಖಾಸಗಿ ಕಂಪನಿಯೂ ಸಂಬಳ ಸಹಿತ ರಜೆ ಕೊಡಲೇಬೇಕು ಅಂತ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಹೇಳುತ್ತದೆ. ಓಟು ಹಾಕಲು ರಜೆ ಕೊಡಿಸುವ ಕಾನೂನು ಇದೆ. ಓಟು ಯಾರಿಗೆ ಅಂತ ಹೇಳಿಕೊಂಡವನ ಕೆಲಸ ಉಳಿಸುವ ಕಾನೂನು ಇಲ್ಲ.

ಸರ್ಕಾರಿ ಕೆಲಸದಲ್ಲಾದರೂ ದಾರಿ ಸುಲಭವಾಗಿ ಸಿಕ್ಕಿತಾ ಅಂದರೆ ಇಲ್ಲ. 1950ರ ದಶಕದಲ್ಲಿ ಕೆಲವು ರೈಲ್ವೆ ನೌಕರರನ್ನು ಕಮ್ಯುನಿಸ್ಟ್ ಚಟುವಟಿಕೆಯ ಆರೋಪ ಹೊರಿಸಿ ತೆಗೆದರು. ಬಾಲಕೋಟಯ್ಯ ಪ್ರಕರಣ ಅಂತ ಅದಕ್ಕೆ ಹೆಸರು. 1958ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರ ನಿಂತಿತು. ನೀವು ಕಮ್ಯುನಿಸ್ಟರಾಗಿ ಇರುವುದನ್ನು ಯಾರೂ ತಡೆದಿಲ್ಲ, ಆದರೆ ರೈಲ್ವೆ ಕೆಲಸದಲ್ಲೇ ಮುಂದುವರಿಯುತ್ತೇವೆ ಅನ್ನುವ ಹಕ್ಕು ನಿಮಗಿಲ್ಲ ಅನ್ನುವ ತರ್ಕ. ಖಾಸಗಿ ಮಾಲೀಕರು ಇವತ್ತಿಗೂ ಹೇಳುವುದು ಇದನ್ನೇ ಅಲ್ವಾ?

ಇಪ್ಪತ್ತೈದು ವರ್ಷ ಆದ ಮೇಲೆ, 1983ರಲ್ಲಿ, ಇನ್ನೊಂದು ತೀರ್ಪು ಬಂತು. ನಾನು ಮತ್ತೆ ಮತ್ತೆ ಓದುವ ತೀರ್ಪು ಅದು. ಮಧ್ಯಪ್ರದೇಶದ ಒಬ್ಬ ಶಿಕ್ಷಕರು, ರಾಮಶಂಕರ ರಘುವಂಶಿ. ಪುರಸಭೆಯ ಶಾಲೆಯಲ್ಲಿದ್ದರು. ಆ ಶಾಲೆಯನ್ನು ಸರ್ಕಾರ ವಹಿಸಿಕೊಂಡಿತು. ಪೊಲೀಸರಿಂದ ವರದಿ ತರಿಸಿಕೊಂಡರು. ಇವರು ಹಿಂದೆ ಆರೆಸ್ಸೆಸ್, ಜನಸಂಘದ ಚಟುವಟಿಕೆಗಳಲ್ಲಿ ಇದ್ದವರು ಅಂತ ವರದಿ. 1974ರಲ್ಲಿ ಕೆಲಸದಿಂದ ತೆಗೆದರು. ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಬರೆದವರು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ. ಎಡಪಂಥದ ಕಡೆ ಒಲವು ಇದ್ದವರೆಂದೇ ಹೆಸರಾದವರು ಅವರು. ಅಂಥವರು ಬರೆದರು, ಭಾರತ ಪೊಲೀಸ್ ರಾಜ್ಯ ಅಲ್ಲ ಅಂತ. ಕೆಲಸಕ್ಕೆ ಬರುವವನ ರಾಜಕೀಯ ನಂಬಿಕೆ ಏನು ಅಂತ ಪೊಲೀಸರಿಂದ ವರದಿ ಕೇಳುವುದೇ ಮೂಲಭೂತ ಹಕ್ಕುಗಳ ಬುಡಕ್ಕೆ ಕೊಡಲಿ ಹಾಕಿದಂತೆ ಅಂದರು. ದೇವತೆಗಳು ಮಾತ್ರ ಒಳಗೆ ಬರಬೇಕು ಅನ್ನಲು ಸರ್ಕಾರಿ ನೌಕರಿ ಏನು ಸ್ವರ್ಗವಾ ಅಂತಲೂ ಕೇಳಿದರು. ತನ್ನ ವಿಚಾರಕ್ಕೆ ಎದುರು ದಿಕ್ಕಿನಲ್ಲಿರುವ ಮನುಷ್ಯನ ಅನ್ನ ಉಳಿಸಿದ ತೀರ್ಪು ಇದು. ಇದಕ್ಕಿಂತ ದೊಡ್ಡ ಮಾತನ್ನು ಈ ವಿಷಯದಲ್ಲಿ ನಮ್ಮ ಯಾವ ಕೋರ್ಟೂ ಆಡಿಲ್ಲ ಅಂತ ನನಗೆ ಅನ್ನಿಸುತ್ತದೆ.

ಆದರೆ ಅದು ಸರ್ಕಾರಿ ಶಾಲೆಗೆ. ಕಾಂಪೌಂಡಿನ ಆಚೆ ಇರುವ ಖಾಸಗಿ ಶಾಲೆಗೆ ಅಲ್ಲ.

2023ರ ಜನವರಿಯಲ್ಲಿ ಒಂದು ಸಣ್ಣ ಕಿಂಡಿ ತೆರೆಯಿತು. ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ನಾಲ್ವರು, 19ನೇ ವಿಧಿಯ ಹಕ್ಕುಗಳನ್ನೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಯ ಹಕ್ಕುಗಳನ್ನೂ ಸರ್ಕಾರವಲ್ಲದ ಖಾಸಗಿಯವರ ವಿರುದ್ಧವೂ ಕೇಳಬಹುದು ಅಂದರು. ಇದನ್ನು ಒಪ್ಪದೆ ಬೇರೆ ತೀರ್ಪು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ನಾಗರತ್ನ. ಖಾಸಗಿಯವರ ವಿರುದ್ಧ ಬೇಕಾದ ಪರಿಹಾರವನ್ನು ಸಾಮಾನ್ಯ ಕಾನೂನಿನಲ್ಲಿ ಹುಡುಕಬೇಕು ಅನ್ನುವುದು ಅವರ ನಿಲುವಿನ ಸಾರ. ಬಹುಮತದ ಮಾತು ನನಗೆ ಖುಷಿ ಕೊಟ್ಟಿತು ನಿಜ. ಆದರೆ ನಾಗರತ್ನ ಅವರ ಮಾತಿನಲ್ಲೂ ತಥ್ಯ ಇದೆ. ಕೆಲಸ ಕಳೆದುಕೊಂಡ ಒಬ್ಬ ಸೇಲ್ಸ್ ಹುಡುಗ ಮೂಲಭೂತ ಹಕ್ಕು ಅಂತ ಹೈಕೋರ್ಟಿಗೆ ರಿಟ್ ಹಾಕಲು ಆಗುತ್ತದಾ? ಅವನಿಗೆ ಬೇಕಾದದ್ದು ಹತ್ತಿರದ ಕಾರ್ಮಿಕ ಅಧಿಕಾರಿ ಓದಿ ಅರ್ಥ ಮಾಡಿಕೊಳ್ಳುವಂಥ ಒಂದು ಸಾಲಿನ ಕಾನೂನು.

ಆ ಸಾಲನ್ನು ನಾವು ಒಪ್ಪಿಕೊಂಡು 60 ವರ್ಷದ ಮೇಲಾಗಿದೆ ಅನ್ನುವುದು ತುಂಬ ಜನಕ್ಕೆ ಗೊತ್ತಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 111ನೇ ಒಪ್ಪಂದ 1958ರದ್ದು. ಉದ್ಯೋಗದಲ್ಲಿ ತಾರತಮ್ಯ ಅಂದರೆ ಏನು ಅಂತ ಅದರ ಮೊದಲ ವಿಧಿಯೇ ಪಟ್ಟಿ ಮಾಡುತ್ತದೆ. ಜನಾಂಗ, ಬಣ್ಣ, ಲಿಂಗ, ಧರ್ಮ, ಅದಾದ ಮೇಲೆ ನೇರವಾಗಿ ರಾಜಕೀಯ ಅಭಿಪ್ರಾಯ. ಭಾರತ ಇದನ್ನು 1960ರಲ್ಲೇ ಅನುಮೋದಿಸಿತು. ಆ ಪಟ್ಟಿಯ ಒಂದಷ್ಟು ಅಂಶಗಳಿಗೆ ನಮ್ಮಲ್ಲಿ ಕಾನೂನು ಬಂತು. ಈ ಒಂದಕ್ಕೆ ಬರಲಿಲ್ಲ.

ಕಾರ್ಮಿಕ ಕಾನೂನಿನಲ್ಲಿ ಸಂಘ ಕಟ್ಟಿದ್ದಕ್ಕೆ ತೆಗೆಯುವುದು, ಸೇಡಿಗೆ ತೆಗೆಯುವುದು ತಪ್ಪು ಅಂತ ಇದೆ. ಅದು ಕಾನೂನಿನ ಅರ್ಥದಲ್ಲಿ ಕಾರ್ಮಿಕ ಆದವರಿಗೆ. ಮ್ಯಾನೇಜರ್ ಅಂತ ಪದನಾಮ ಇದ್ದವರು ಮೊದಲು ತಾನು ಕಾರ್ಮಿಕ ಹೌದೋ ಅಲ್ಲವೋ ಅಂತ ಸಾಬೀತು ಮಾಡುವುದರಲ್ಲೇ ವರ್ಷಗಳು ಕಳೆಯುತ್ತವೆ. ಕಂಪನಿಗಳು ನೌಕರರ ಸೇವಾ ನಿಯಮಗಳನ್ನು ಬರೆದಿಡಬೇಕು ಅನ್ನುವ ಸ್ಥಾಯಿ ಆದೇಶಗಳ ಕಾಯ್ದೆ 2025ರ ನವೆಂಬರ್‌ವರೆಗೆ ಇತ್ತು. ನಮ್ಮ ರಾಜ್ಯದಲ್ಲಿ ಐಟಿ ಕಂಪನಿಗಳಿಗೆ ಅದರಿಂದ ವಿನಾಯಿತಿ ಕೊಟ್ಟುಕೊಂಡು ಬಂದಿದ್ದರು. 2014, 2019, 2024, ಸರ್ಕಾರ ಯಾವುದೇ ಇರಲಿ ವಿನಾಯಿತಿ ಮುಂದುವರಿಯಿತು. ಐಟಿ ನೌಕರರ ಸಂಘ ಕಿಟು ಇದನ್ನು ವಿರೋಧಿಸುತ್ತಲೇ ಬಂತು. ಎಲ್ಲಕ್ಕಿಂತ ಮುಖ್ಯವಾಗಿ, ಇವೆಲ್ಲ ಕೆಲಸದಲ್ಲಿ ಇರುವವರ ಮಾತು. ಒಳಗೇ ಬರಲು ಬಿಡದ ಹಾಸನದ ಹುಡುಗನಿಗೆ ಇದರಲ್ಲಿ ಏನೂ ಇಲ್ಲ.

ನಾವು ಆನ್‌ಲೈನ್‌ನಲ್ಲಿ ಬರೆದದ್ದರ ಗತಿ ಏನು ಅನ್ನುವುದನ್ನೂ ನೋಡಿದೆ. ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರಲ್ಲಿ ಕೊಟ್ಟ ಮಾಹಿತಿ ರಕ್ಷಣೆಯ ಕರಡಿನಲ್ಲಿ ಧಾರ್ಮಿಕ ಅಥವಾ ರಾಜಕೀಯ ನಂಬಿಕೆಯನ್ನು ಸೂಕ್ಷ್ಮ ಮಾಹಿತಿ ಅಂತ ಸೇರಿಸಿದ್ದರು. ಆರೋಗ್ಯ, ಹಣಕಾಸಿನ ವಿವರಗಳ ಸಾಲಿನಲ್ಲೇ ಅದನ್ನು ಇಟ್ಟಿದ್ದರು. 2019ರ ಮಸೂದೆಯಲ್ಲೂ ಅದು ಉಳಿಯಿತು. 2023ರಲ್ಲಿ ಕಾಯ್ದೆ ಆಗುವ ಹೊತ್ತಿಗೆ ಸೂಕ್ಷ್ಮ ಮಾಹಿತಿ ಅನ್ನುವ ವರ್ಗವೇ ಮಾಯ. ಜತೆಗೆ ತಾನಾಗಿ ಸಾರ್ವಜನಿಕವಾಗಿ ಹಾಕಿಕೊಂಡ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಬರೆದರು. ಅದಕ್ಕೆ ಕಾಯ್ದೆಯೇ ಕೊಡುವ ಉದಾಹರಣೆ, ತನ್ನ ಅಭಿಪ್ರಾಯಗಳನ್ನು ಬ್ಲಾಗಿನಲ್ಲಿ ಬರೆಯುವ ಒಬ್ಬಾಕೆ. ಈ ಸಾಲು ಓದಿದಾಗ ನನಗೆ ಮೈ ಜುಮ್ಮೆಂದಿತು. ಡ್ರಾಯ್ಟ್‌ವಿಚ್‌ನಲ್ಲಿ ಕೆರ್ ಪತ್ರಿಕೆ ಕತ್ತರಿಸಿ ಕಾರ್ಡಿಗೆ ಅಂಟಿಸಬೇಕಿತ್ತು. ಈಗ ನಮ್ಮ ಕಾರ್ಡನ್ನು ನಾವೇ ಬರೆದು ಇಟ್ಟಿರುತ್ತೇವೆ. ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಹಿನ್ನೆಲೆ ಪರಿಶೀಲನೆ ಮಾಡಿಕೊಡುವ ಏಜೆನ್ಸಿಗಳು ಓದು, ವಿಳಾಸ, ಹಳೆ ಕಂಪನಿ, ಕೋರ್ಟ್ ಕೇಸುಗಳ ಜತೆ ಸೋಷಿಯಲ್ ಮೀಡಿಯಾ ನೋಡಿ ವರದಿ ಕೊಡುವ ಸೇವೆಯನ್ನೂ ಮಾರುತ್ತವೆ.

ಬೇರೆ ಕಡೆ ಹೇಗಿದೆ ಅಂದರೆ, ಅಮೆರಿಕದಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ದಾರಿ. ಕ್ಯಾಲಿಫೋರ್ನಿಯಾದಲ್ಲಿ ನೌಕರರ ರಾಜಕೀಯ ಚಟುವಟಿಕೆಯನ್ನು ನಿಯಂತ್ರಿಸುವ ನಿಯಮವನ್ನೇ ಮಾಲೀಕ ಮಾಡುವ ಹಾಗಿಲ್ಲ. ವರ್ಜೀನಿಯಾದಲ್ಲಿ ಅಂಥ ತಡೆ ಇಲ್ಲ. 2017ರಲ್ಲಿ ಅಲ್ಲಿ ಜೂಲಿ ಬ್ರಿಸ್ಕ್‌ಮನ್ ಎಂಬಾಕೆ ಸೈಕಲ್ ತುಳಿಯುತ್ತಾ ಅಧ್ಯಕ್ಷ ಟ್ರಂಪ್ ಕಾರುಗಳ ಸಾಲಿಗೆ ಅವಮಾನಿಸುವಂತೆ ಮಧ್ಯದ ಬೆರಳು ತೋರಿಸಿದರು. ಫೋಟೋ ಎಲ್ಲ ಕಡೆ ಹರಡಿತು. ಸರ್ಕಾರಿ ಗುತ್ತಿಗೆ ಮಾಡುತ್ತಿದ್ದ ಅವರ ಕಂಪನಿ ಅವರನ್ನು ಹೊರಗೆ ಕಳಿಸಿತು. ಅನ್ಯಾಯವಾಗಿ ತೆಗೆದರು ಅನ್ನುವ ದಾವೆ ಕೋರ್ಟಿನಲ್ಲಿ ನಿಲ್ಲಲಿಲ್ಲ. 2019ರಲ್ಲಿ ಅವರು ಅದೇ ಪ್ರದೇಶದಿಂದ ಕೌಂಟಿ ಮಂಡಳಿಗೆ ಆರಿಸಿಬಂದರು. ಕೇಳಲು ಚೆನ್ನಾಗಿದೆ. ಆದರೆ ಕೆಲಸ ಹೋದ ಎಲ್ಲರೂ ಚುನಾವಣೆ ಗೆಲ್ಲಲು ಆಗುವುದಿಲ್ಲವಲ್ಲ.

ನನಗೆ ತೀರಾ ಹತ್ತಿರದ ಇನ್ನೊಂದು ಉದಾಹರಣೆ ಒಂದು ಖಾಸಗಿ ಹೈಸ್ಕೂಲಿನದು. ನನ್ನ ಚಿಕ್ಕಮ್ಮನ ಮಗಳು ಅಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದಳು. ತಾಲ್ಲೂಕು ಕೇಂದ್ರದ ಶಾಲೆ. ಶಾಲೆಯ ಅಧ್ಯಕ್ಷರು ಒಂದು ಪಕ್ಷದವರು. ನಮ್ಮ ರಾಜ್ಯದಲ್ಲಿ ಇದು ಹೊಸದಲ್ಲ. ಶಾಲೆ, ಕಾಲೇಜು ನಡೆಸುವ ರಾಜಕಾರಣಿಗಳು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಚುನಾವಣೆ ಬಂತು. ಭಾನುವಾರ ಶಿಕ್ಷಕರೆಲ್ಲ ಹಳ್ಳಿಗಳಿಗೆ ಹೋಗಿ ಮಕ್ಕಳ ಮನೆಯವರನ್ನು ಮಾತಾಡಿಸಬೇಕು ಅಂತ ಆಫೀಸಿನಿಂದ ಹೇಳಿಕಳಿಸಿದರು. ಯಾಕೆ ಮಾತಾಡಿಸಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಕೈಗೆ ಕರಪತ್ರ ಕೊಟ್ಟಿದ್ದರು.

'ನಾನು ಬರೋದಿಲ್ಲ ಸರ್. ಪಾಠದ ವಿಷಯ ಆದ್ರೆ ಯಾವ ಮನೆಗೆ ಬೇಕಾದ್ರೂ ಹೋಗ್ತೀನಿ' ಅಂದಳಂತೆ ಮುಖ್ಯೋಪಾಧ್ಯಾಯರ ಹತ್ತಿರ.

'ನಂಗೂ ಇಷ್ಟ ಇಲ್ಲಮ್ಮಾ. ಏನ್ಮಾಡೋದು, ಒಂದೆರಡು ಭಾನುವಾರ' ಅಂದರಂತೆ ಅವರು.

ಅವಳು ಹೋಗಲಿಲ್ಲ. ಯಾರೂ ಗದರಲಿಲ್ಲ. ಖಾಸಗಿ ಶಾಲೆಯ ನೌಕರರನ್ನು ವಿಚಾರಣೆ ಮಾಡದೆ ತೆಗೆಯುವಂತಿಲ್ಲ ಅಂತ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಂ ಹೇಳುತ್ತದೆ. ತೆಗೆದರೆ ಜಿಲ್ಲಾ ಮಟ್ಟದ ನ್ಯಾಯಮಂಡಳಿಗೆ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಬಹುದು. ಒಳ್ಳೆಯ ಕಾನೂನು. ಆದರೆ ಅವಳ ಕೈಯಲ್ಲಿದ್ದ ನೇಮಕಾತಿ ಪತ್ರ ಜೂನ್‌ನಿಂದ ಮಾರ್ಚ್‌ವರೆಗಿನದು. ಪ್ರತಿ ವರ್ಷ ಅದೇ ಪತ್ರ, ದಿನಾಂಕ ಮಾತ್ರ ಬೇರೆ. ತೆಗೆಯುವ ಅಗತ್ಯವೇ ಬರಲಿಲ್ಲ. ಜೂನ್‌ನಲ್ಲಿ ಫೋನ್ ಬರಲಿಲ್ಲ. ಅವಳೇ ಮಾಡಿದಾಗ 'ಈ ವರ್ಷ ಸೆಕ್ಷನ್ ಕಡಿಮೆ ಆಯ್ತು ಮಿಸ್' ಅಂದರು. ಅದೇ ವಾರ ವಿಜ್ಞಾನಕ್ಕೆ ಹೊಸ ಮಿಸ್ ಬಂದಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಅವಳ ಮಕ್ಕಳು ಪ್ರತಿ ವರ್ಷ ಚೆನ್ನಾಗಿ ಪಾಸಾಗುತ್ತಿದ್ದರು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವಳನ್ನು ನೋಡಿದ ಉಳಿದ ಶಿಕ್ಷಕರು ಮುಂದಿನ ಚುನಾವಣೆಯಲ್ಲಿ ಏನು ಮಾಡಿರುತ್ತಾರೆ ಅಂತ ನೀವೇ ಊಹಿಸಿ. ಒಬ್ಬರ ಅನ್ನಕ್ಕೆ ಕಲ್ಲು ಹಾಕಿದರೆ ಹತ್ತು ಜನರ ಬಾಯಿ ತಾನಾಗಿ ಮುಚ್ಚುತ್ತದೆ.

ಹಾಗಾದರೆ ಏನು ಮಾತಾಡಿದರೂ ಕೆಲಸ ಉಳಿಯಬೇಕಾ? ಇಲ್ಲ. ಇಲ್ಲಿ ಗೆರೆ ಎಳೆಯುವುದು ಸುಲಭ ಅಲ್ಲ. 2020ರ ಏಪ್ರಿಲ್‌ನಲ್ಲಿ ಯುಎಇಯಲ್ಲಿ ಹಲವು ಭಾರತೀಯರು ಸೋಷಿಯಲ್ ಮೀಡಿಯಾದಲ್ಲಿ ಮುಸ್ಲಿಮರನ್ನು ಹೀಯಾಳಿಸಿ ಬರೆದು ಕೆಲಸ ಕಳೆದುಕೊಂಡರು. ತಾರತಮ್ಯ ನಮ್ಮ ನೀತಿಗೆ ವಿರುದ್ಧ, ಇಲ್ಲಿರುವ ಭಾರತೀಯರು ಇದನ್ನು ನೆನಪಿಡಬೇಕು ಅಂತ ಅಲ್ಲಿನ ನಮ್ಮ ರಾಯಭಾರಿ ಪವನ್ ಕಪೂರ್ ಹೇಳಬೇಕಾಯಿತು. ಕರಾವಳಿಯ ಎಷ್ಟೋ ಮನೆಗಳು ಗಲ್ಫ್ ಸಂಬಳದ ಮೇಲೆ ನಿಂತಿವೆ. ಅಂಥ ಮನೆಗಳಲ್ಲಿ ಆಗ ಎಲ್ಲರೂ ಹಳೇ ಪೋಸ್ಟ್ ಅಳಿಸುತ್ತಾ ಕೂತಿದ್ದರು. ಆ ಬರಹಗಳನ್ನು ನಾನು ಸಮರ್ಥಿಸುವುದಿಲ್ಲ. ಪಕ್ಕದಲ್ಲಿ ಕೂತು ದುಡಿಯುವವನ ಧರ್ಮವನ್ನೋ ಜಾತಿಯನ್ನೋ ಹೀನಾಯವಾಗಿ ಬರೆಯುವುದು ರಾಜಕೀಯ ಅಭಿಪ್ರಾಯ ಅಲ್ಲ. ಅದು ಸಹೋದ್ಯೋಗಿಗೆ ಮಾಡುವ ಅವಮಾನ. ಅಲ್ಲಿ ಕಂಪನಿ ಮಧ್ಯೆ ಬರಲೇಬೇಕು. ಕಂಪನಿಯ ಹೆಸರು ಬಳಸಿ ಪಕ್ಷದ ಪ್ರಚಾರ ಮಾಡಿದರೆ, ಕೆಲಸದ ಹೊತ್ತಿನಲ್ಲಿ ಮಾಡಿದರೆ, ಅದೂ ಬೇರೆ. ಒಂದು ಪಕ್ಷದ ಕಚೇರಿ ತನ್ನ ವಕ್ತಾರ ತನ್ನ ಪಕ್ಷದವನೇ ಆಗಿರಬೇಕು ಅಂದರೆ ಯಾರೂ ತಪ್ಪು ಅನ್ನುವುದಿಲ್ಲ.

ರೆಡ್‌ಫರ್ನ್ ವಿಷಯದಲ್ಲಿ ಕಂಪನಿ ಹೇಳಿದ ಭಯ ಏನು ಅನ್ನುವುದೂ ನನಗೆ ಅರ್ಥವಾಗುತ್ತದೆ. ಗಾಡಿಯಲ್ಲಿ ಕೂತ ಒಂದು ಪಾಕಿಸ್ತಾನಿ ಮೂಲದ ಮನೆಯ ಮಗುವಿನ ತಾಯಿಗೆ ಆ ಡ್ರೈವರ್ ಯಾವ ಪಕ್ಷದವರು ಅಂತ ಗೊತ್ತಾದ ಮೇಲೆ ಹೇಗೆ ಅನ್ನಿಸಿರಬಹುದು? ಆ ಭಯವನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಆದರೆ ಅವರು ಆ ಮಕ್ಕಳನ್ನು ಹೇಗೆ ನೋಡಿಕೊಂಡರು ಅನ್ನುವುದಕ್ಕೆ ಸಾಕ್ಷಿ ಇತ್ತು. ಅವರ ಮೇಲಿನವರೇ ಹೊಗಳಿದ್ದರು. ಆ ಸಾಕ್ಷಿಯನ್ನು ಯಾರಾದರೂ ಒಬ್ಬರು ಕೂತು ಕೇಳಬೇಕಿತ್ತು. ಅದಾಗಲಿಲ್ಲ.

ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ಅಂದರೆ ಕರ್ನಾಟಕವೂ ಕಾನೂನು ಮಾಡಬಹುದು. ನನಗೆ ಬೇಕಾದದ್ದು ದೊಡ್ಡದೇನಲ್ಲ. ಕೆಲಸದ ಹೊತ್ತಿನ ಆಚೆಗಿನ, ಕಾನೂನಿಗೆ ಒಳಪಟ್ಟ ರಾಜಕೀಯ ಚಟುವಟಿಕೆಯ ಕಾರಣಕ್ಕೆ ಕೆಲಸ ನಿರಾಕರಿಸಬಾರದು, ತೆಗೆಯಬಾರದು, ಗುತ್ತಿಗೆ ನವೀಕರಿಸದೆ ಬಿಡಬಾರದು. ಪಕ್ಷದ ಕೆಲಸಕ್ಕೆ ಬಾ ಅಂತ ಒತ್ತಾಯ ಮಾಡಬಾರದು. ನೌಕರ ಕೇಳಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಈ ಕೊನೆಯದು ಎಲ್ಲಕ್ಕಿಂತ ಮುಖ್ಯ. ಸೆಕ್ಷನ್ ಕಡಿಮೆ ಆಯಿತು ಅಂತ ಫೋನಿನಲ್ಲಿ ಹೇಳುವುದು ಸುಲಭ. ಕಾಗದದಲ್ಲಿ ಬರೆದು ಸೀಲು ಒತ್ತುವುದು ಅಷ್ಟು ಸುಲಭ ಅಲ್ಲ.

ಈಗಿರುವ ಕಂಪನಿಯಲ್ಲಿ ನಾವು ಕೆಲವರು ಸೇರಿ ಒಂದು ಸಣ್ಣ ಬದಲಾವಣೆ ಮಾಡಿಸಿದೆವು. ಇಂಟರ್‌ವ್ಯೂ ಫಾರ್ಮಿನಿಂದ ಕಲ್ಚರ್ ಫಿಟ್ ಅನ್ನುವ ಸಾಲನ್ನು ತೆಗೆಸಿದೆವು. ಬೇಡ ಅನ್ನುವವರು ಯಾವ ಪ್ರಶ್ನೆ ಕೇಳಿದೆ, ಏನು ಉತ್ತರ ಬಂತು, ಅದರಲ್ಲಿ ಏನು ಕೊರತೆ ಅಂತ ಬರೆಯಬೇಕು. ಇಂಟರ್‌ವ್ಯೂ ಹೊರಗಿನ ವಿಷಯ ತಂದರೆ ಅದನ್ನು ಎಲ್ಲಿ ನೋಡಿದೆ ಅಂತಲೂ ಹೆಸರು ಸಹಿತ ಬರೆಯಬೇಕು. ಅಭ್ಯರ್ಥಿಗಳ ಫೇಸ್‌ಬುಕ್ ನೋಡುವುದು ನಿಂತಿದೆ ಅಂತ ನಾನು ಹೇಳುವುದಿಲ್ಲ. ಊಟದ ಮೇಜಿನಲ್ಲಿ ಆ ಮಾತು ಈಗಲೂ ಬರುತ್ತದೆ. ಆದರೆ ಫಾರ್ಮಿನಲ್ಲಿ ಬರೆದು ಕೆಳಗೆ ತಮ್ಮ ಹೆಸರು ಹಾಕಲು ಇಲ್ಲಿಯವರೆಗೆ ಒಬ್ಬರೂ ಮುಂದೆ ಬಂದಿಲ್ಲ.